ಎರಡನೇ ಕಾಗದ

ಬಸ್ಸು ಮಲವಗೊಪ್ಪ ದಾಟುವುದರೊಳಗೆ ಹೇಳಿಬಿಡಬೇಕು ಅಂತ ಶಿವಶಂಕರಪ್ಪ ಭದ್ರಾವತಿಯ ಬಸ್‌ಸ್ಟ್ಯಾಂಡಿನಲ್ಲೇ ನಿಶ್ಚಯ ಮಾಡಿಕೊಂಡಿದ್ದ. ನಿಶ್ಚಯ ಮಾಡಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೆಂಡತಿ ಮೈಸೂರಿನ ಸ್ಯಾನಟೋರಿಯಂನಿಂದ ಮನೆಗೆ ಬಂದು ಇವತ್ತಿಗೆ ನಾಲ್ಕು ದಿನ. ನಾಲ್ಕು ದಿನವೂ ಎದ್ದ ಕೂಡಲೇ ಒಂದು ನಿಶ್ಚಯ, ಕಾಫಿ ಕುಡಿಯುವಾಗ ಒಂದು ನಿಶ್ಚಯ, ಕಾರ್ಖಾನೆಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುವಾಗ ಸಂಜೆ ಹೇಳಿದರಾಯಿತು ಎಂಬ ಇನ್ನೊಂದು ನಿಶ್ಚಯ. ಈಗ ವಿಮಲಾ ಕಿಟಕಿಯ ಪಕ್ಕ ಕೂತಿದ್ದಳು. ಮಡಿಲಲ್ಲಿ ಕಾಗದ ಸುತ್ತಿದ ಕೆಂಪು ಲಂಗ. ಆಸ್ಪತ್ರೆಯ ಮಂಚದ ಮೇಲೆ ಕೂತು ಅವಳೇ ಹೊಲಿದದ್ದು, ಅಳತೆ ಗೊತ್ತಿಲ್ಲದೆ ಬರೀ ಅಂದಾಜಿನ ಮೇಲೆ. ನೆರಿಗೆ ಹಿಡಿಯುವುದನ್ನು ಪಕ್ಕದ ಮಂಚದ ವಸಂತಮ್ಮ ಹೇಳಿಕೊಟ್ಟಳಂತೆ. ಆ ವಸಂತಮ್ಮ ಶ್ರಾವಣದಲ್ಲಿ ತೀರಿಹೋದಳಂತೆ. ಅದನ್ನೆಲ್ಲ ಹೇಳುತ್ತ ವಿಮಲಾ ನಡುವೆ ನಿಲ್ಲಿಸಿ, ಮಂಗಳಿ ಈಗ ಎಷ್ಟು ಎತ್ತರ ಆಗಿದಾಳೆ ತೋರಿಸಿ ಅಂತ ಮತ್ತೆ ಕೇಳಿದಳು. ಬೆಳಗಿನಿಂದ ಇದು ಮೂರನೇ ಸಲ. ಅವನು ತನ್ನ ಮಂಡಿಗಿಂತ ಮೊಳ ಮೇಲೆ ಕೈ ಹಿಡಿದು ತೋರಿಸಿದ. ಅವಳು ಆ ಕೈಯ ಕೆಳಗಿನ ಖಾಲಿ ಜಾಗವನ್ನೇ ನೋಡಿ ನಕ್ಕಳು.

ಹೇಳಬೇಕಾದ ಮಾತು ಒಂದೇ. ಎರಡೂವರೆ ವರ್ಷದ ಹಿಂದೆ ಶಿವಮೊಗ್ಗದಲ್ಲಿ ಸಿಸ್ಟರುಗಳು ನಡೆಸುವ ಶಿಶುಭವನಕ್ಕೆ ಮಗುವನ್ನು ಸೇರಿಸುವಾಗ, ಅಚ್ಚಾದ ಫಾರಮ್ಮಿನಲ್ಲಿ ತಾಯಿ ಅಂತ ಇದ್ದ ಕಡೆ ಅವನು ತನ್ನ ಕೈಯಾರೆ 'ತೀರಿಕೊಂಡಿದ್ದಾಳೆ' ಎಂದು ಬರೆದುಕೊಟ್ಟಿದ್ದ. ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಅವನ ಕೆಲಸವೇ ಅದು, ಬಂದವರನ್ನು ಹಾಜರ್ ಅಂತ, ಬಾರದವರನ್ನು ಗೈರು ಅಂತ ಬರೆಯುವುದು. ಹನ್ನೊಂದು ವರ್ಷದ ಸರ್ವಿಸಿನಲ್ಲಿ ಒಬ್ಬ ಕೂಲಿಯ ಹಾಜರಿಯನ್ನೂ ತಪ್ಪು ಬರೆದವನಲ್ಲ. ಕಟ್ಟಿಕೊಂಡ ಹೆಂಡತಿಯದನ್ನು ಬರೆದ.

ಬೇರೆ ದಾರಿ ಇರಲಿಲ್ಲ ಅಂತ ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿಲ್ಲ. ಕ್ಷಯ ಅಂತ ಗೊತ್ತಾದ ದಿನವೇ ವಿಮಲಾಳ ತವರು ಬಾಗಿಲು ಹಾಕಿಕೊಂಡಿತು. ಅಕ್ಕ ದುರ್ಗಮ್ಮ ಅಂಗಳದಲ್ಲೇ ನಿಂತು ಮಾತಾಡಿದಳು, ನಿನ್ನ ಕೂಸಿಗೆ ಅಯ್ಯೋ ಅನಿಸತ್ತೆ ಕಣೋ, ಆದರೆ ನನ್ನ ಮನೇಲೂ ಮೂರಿದಾವೆ ಅಂದಳು, ಮಗುವನ್ನು ಮುಟ್ಟಲಿಲ್ಲ. ಹದಿನಾಲ್ಕು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ಅವನು ಮಠಕ್ಕೆ ಹೋದ. ತಾನೇ ಆ ಮಠದ ಅನ್ನ ತಿಂದು ಓದಿದವನು, ಒಂದು ಮೂಲೆ ಕೊಟ್ಟೇ ಕೊಡುತ್ತಾರೆಂಬ ಧೈರ್ಯ. ಅಲ್ಲಿ ಎಂಟು ವರ್ಷದ ಹುಡುಗರು ಸಾಲಾಗಿ ವಿಭೂತಿ ಬಳಿದುಕೊಂಡು ಮಗ್ಗಿ ಹೇಳುತ್ತಿದ್ದರು. ಬುದ್ಧಿಯವರು ಮರುಗಿದರು, ಮಗುವಿನ ಕೈಗೆ ಬಾಳೆಹಣ್ಣು ಕೊಟ್ಟರು. ಆದರೆ ಹೇತರೆ ಬಳಿಯುವವರು ಯಾರಪ್ಪಾ ಇಲ್ಲಿ, ಇದು ಗಂಡಸರ ಜಾಗ ಅಂದರು. ಅದೂ ನಿಜವೇ. ಮರುದಿನ ಟೈಮ್ ಆಫೀಸಿನ ಕಿಟಕಿಯಲ್ಲಿ ಫಿಟ್ಟರ್ ಮೆಹಬೂಬ್ ಸಾಬ್ ಅವನ ಮುಖ ನೋಡಿ ವಿಷಯ ಕೇಳಿದ. ನಮ್ಮಲ್ಲೂ ಯತೀಂಖಾನಾ ಇದೆ, ಅದು ಅಪ್ಪ ಸತ್ತ ದೊಡ್ಡ ಹುಡುಗರಿಗೆ, ಹಾಲು ಕುಡಿಯೋ ಕೂಸನ್ನ ಆ ಸಿಸ್ಟರುಗಳು ಬಿಟ್ಟು ಯಾರೂ ಮುಟ್ಟೋದಿಲ್ಲ, ಅಲ್ಲಿಗೆ ಹೋಗು ಮಾರಾಯ ಅಂದ. ಹೋದ. ಗೇಟಿನಲ್ಲಿ ಒಬ್ಬಳು ಹೆಂಗಸು ಕಂಕುಳಲ್ಲಿ ಮಗು ಇಟ್ಟುಕೊಂಡು ಅಳುತ್ತ ಹೊರಗೆ ಬರುತ್ತಿದ್ದಳು. ಜಾಗ ಕಮ್ಮಿ, ತಾಯಿ ಇಲ್ಲದ ಮಕ್ಕಳನ್ನು ಮಾತ್ರ ತಗೊಳ್ಳೋದು ಅಂತ ಕಾವಲಿನವನು ಹೇಳಿದ. ಅದನ್ನು ಕೇಳಿಕೊಂಡೇ ಶಿವಶಂಕರಪ್ಪ ಒಳಗೆ ಹೋಗಿ ಬೆಂಚಿನ ಮೇಲೆ ಕೂತ. ಸಿಸ್ಟರ್ ಎಮಿಲಿಯಾ ಪೆನ್ನು ಕೊಟ್ಟರು.

ತೀರಿಕೊಂಡ ತಾರೀಖು ಅಂತ ಇನ್ನೊಂದು ಗೆರೆ ಇತ್ತು. ಅದನ್ನು ಅವನು ಎಣಿಸಿರಲಿಲ್ಲ. ಆ ಕ್ಷಣಕ್ಕೆ ತಲೆಗೆ ಹೊಳೆದ ತಾರೀಖು ಒಂದೇ, ಹಿಂದಿನ ವಾರ ವಿಮಲಾಳನ್ನು ಮೈಸೂರಿನ ಟ್ರೈನಿಗೆ ಹತ್ತಿಸಿದ ದಿನ. ಅದನ್ನೇ ಬರೆದ. ಕಾಯಿಲೆ ಅಂತ ಇದ್ದ ಕಡೆ ವಿಷಮಜ್ವರ ಅಂತ ಬರೆದ. ಕ್ಷಯ ಅಂದರೆ ಇಪ್ಪತ್ತು ಕೂಸುಗಳ ನಡುವೆ ಈ ಕೂಸನ್ನು ಮಲಗಿಸುತ್ತಾರೆಯೇ? ಕಳೆದ ಮಳೆಗಾಲದಲ್ಲಿ ಅಲ್ಲಿ ಒಂದು ಮಗು ಕೆಮ್ಮಿ ಕೆಮ್ಮಿ ಹೋಯಿತು. ನಾಯಿಕೆಮ್ಮು ಅಂತ ಡಾಕ್ಟರು ಹೇಳಿದ್ದಾರೆ ಎಂದು ಸಿಸ್ಟರ್ ಹೇಳಿದರೂ ಅವನಿಗೆ ಒಂದು ತಿಂಗಳು ಅನ್ನ ಸೇರಲಿಲ್ಲ. ಮಂಗಳಿಯ ಎದೆಗೆ ಕಿವಿಕೊಟ್ಟು ಕೇಳಿದ. ಏನೂ ಇರಲಿಲ್ಲ. ಆದರೂ ಆ ಮಗುವಿನ ಅಪ್ಪನ ಎದುರು ನಿಲ್ಲಲಾರದೆ ಹಿಂದಿನ ಬಾಗಿಲಿನಿಂದ ಬಂದುಬಿಟ್ಟಿದ್ದ.

ಕಂಡಕ್ಟರು ಟಿಕೆಟ್ ಹರಿದುಕೊಟ್ಟ. ಹೊರಗೆ ಬಿಸಿಲು ಇನ್ನೂ ಎಳೆಯದು, ಗದ್ದೆಯ ಬದುವಿನ ಮೇಲೆ ಕಾಗೆಗಳು. ಎಂಟು ವರ್ಷದವನಿದ್ದಾಗ ಒಂದು ಕಾಗೆ ಅವನ ನೆತ್ತಿಯ ಮೇಲೆ ಕೂತು ಎದ್ದುಹೋಗಿತ್ತು. ಅಜ್ಜಿ ಎದೆ ಬಡಿದುಕೊಂಡಳು, ಅದು ಸಾವಿನ ಗುರುತು. ಕೂಡಲೇ ತಾತ ಹೊಳೆಹೊನ್ನೂರಿನ ನಾಗಯ್ಯ ಮಾವನಿಗೆ ಕಾಗದ ಬರೆದ, ಹುಡುಗ ತೀರಿಕೊಂಡ, ಹೊರಟು ಬಾ ಅಂತ. ಊರಲ್ಲೆಲ್ಲ ಹಾಗೇ ಮಾಡುತ್ತಿದ್ದರು. ನೆಂಟರು ನಿಜವೆಂದು ನಂಬಿ ಅತ್ತರೆ ಆ ಕಣ್ಣೀರಿಗೆ ಗಂಡಾಂತರ ಕಳೆಯುತ್ತದೆ, ಸಾವು ಮುಗಿದ ಲೆಕ್ಕ. ಮಾರನೇ ದಿನ, ಕಾಗೆ ಮುಟ್ಟಿತ್ತು, ಸುಳ್ಳು ಬರೆದಿದ್ದೆವು, ಹುಡುಗ ಚೆನ್ನಾಗಿದ್ದಾನೆ ಅಂತ ಎರಡನೇ ಕಾಗದ ಹಾಕುತ್ತಾರೆ. ಎರಡನೇ ಕಾಗದ ಸಿಗುವ ಮೊದಲೇ ನಾಗಯ್ಯ ಮಾವ ಬಾಯಿ ಬಡಿದುಕೊಳ್ಳುತ್ತ ಅಂಗಳಕ್ಕೆ ಬಂದ. ಇವನು ಜಗಲಿಯ ಮೇಲೆ ಕೂತು ಹುರಿಗಡಲೆ ತಿನ್ನುತ್ತಿದ್ದ. ಮಾವ ನೋಡಿದ, ಕುಸಿದು ಕೂತ, ಆಮೇಲೆ ಎದ್ದು ಬಂದು ಕಪಾಳಕ್ಕೊಂದು ಬಾರಿಸಿ ತಬ್ಬಿಕೊಂಡ. ಮಾವನ ಕಣ್ಣೀರು ಕಿವಿಯೊಳಗೆ ಇಳಿದು ಬೆಚ್ಚಗಾಗಿದ್ದು ಇವತ್ತಿಗೂ ನೆನಪಿದೆ. ಫಾರಮ್ಮಿನ ಮೇಲೆ ಪೆನ್ನು ಊರಿದಾಗ ಅವನು ಹಿಡಿದುಕೊಂಡದ್ದು ಆ ಕಾಗೆಯನ್ನೇ. ಸುಳ್ಳು ಸಾವು ಬರೆದರೆ ನಿಜವಾದದ್ದು ಬಾರದು, ಇದೂ ಅವಳ ಆಯುಸ್ಸಿಗೇ ಆಯಿತು. ವಿಮಲಾ ಬದುಕಿ ಬಂದಳಲ್ಲ, ಅದಕ್ಕೆ ಸೂಜಿಮದ್ದು ಎಷ್ಟು ಕಾರಣವೋ ತನ್ನ ಸುಳ್ಳು ಎಷ್ಟು ಕಾರಣವೋ ಯಾರಿಗೆ ಗೊತ್ತು. ಆದರೆ ಎರಡನೇ ಕಾಗದವನ್ನು ಅವನು ಹಾಕಲೇ ಇಲ್ಲ.

ಹಾಕುವುದಕ್ಕೆ ಹೋದರೆ ಅವರ ಒಳ್ಳೆಯತನವೇ ಅಡ್ಡ ಬಂತು. ಸಿಸ್ಟರುಗಳು ಮಗುವಿಗೆ ಹೆಸರು ಬದಲಿಸಲಿಲ್ಲ, ಸರ್ವಮಂಗಳ ಅಂತ ಬಾಯಿತುಂಬ ಕರೆದರು. ಕೊರಳಿನ ಲಿಂಗದ ಕರಡಿಗೆ ತೆಗೆಯಲಿಲ್ಲ. ಗಂಜಿ ಕೊಟ್ಟರು, ದಡಾರ ಬಂದಾಗ ಮೂರು ರಾತ್ರಿ ಎತ್ತಿಕೊಂಡು ಕೂತರು. ಅವರಲ್ಲಿ ಒಂದು ಪದ್ಧತಿ. ಸಂಜೆ ಆರಕ್ಕೆ ಚರ್ಚಿನ ಗಂಟೆ ಹೊಡೆದರೆ ಮಾತು ಬಂದ ಮಕ್ಕಳೆಲ್ಲ ಸಾಲಾಗಿ ನಿಂತು ಕೈಮುಗಿದು ತಮ್ಮ ತಮ್ಮ ಸತ್ತ ತಾಯಿಯ ಹೆಸರು ಹೇಳಿ, ಅವಳನ್ನು ಚೆನ್ನಾಗಿ ನೋಡಿಕೋ ಅಂತ ದೇವರಿಗೆ ಹೇಳುವುದು. ಹೇಳಿದ ಮೇಲೆ ಊಟ. ಸ್ಯಾನಟೋರಿಯಂನಿಂದ ವಿಮಲಾ, ಮಂಗಳಿ ನನ್ನ ನೆನೆಸ್ತಾಳಾ ಅಂತ ಬರೆದಾಗ ಇವನು ಉತ್ತರ ಬರೆದಿದ್ದ, ದಿನಾ ಸಂಜೆ ನಿನ್ನ ಹೆಸರು ಹೇಳಿಯೇ ಅನ್ನ ತಿನ್ನುತ್ತಾಳೆ. ಆ ವಾಕ್ಯದಲ್ಲಿ ಒಂದಕ್ಷರ ಸುಳ್ಳಿಲ್ಲ ಎಂದು ಅವನಿಗೆ ಎಂಥದೋ ಹೆಮ್ಮೆ ಆಗಿತ್ತು, ಥೂ. ಒಂದು ಭಾನುವಾರ ಮಗುವೇ ಅವನ ಮೀಸೆ ಹಿಡಿದು, ಅಪ್ಪಾ ನನ್ನಮ್ಮ ಸತ್ತೋಗಿದಾಳಾ ಅಂತ ಕೇಳಿತು. ಸಿಸ್ಟರ್ ಎದುರಿಗೇ ಇದ್ದರು. ಅವನು ಹೂಂ ಪುಟ್ಟೀ ಅಂದ. ಈ ತಿಂಗಳ ಮೊದಲಲ್ಲಿ ಅವರ ಸತ್ತವರ ಹಬ್ಬಕ್ಕೆ ಕರೆದರು. ಹೆಂಡತಿ ಕಳೆದುಕೊಂಡ ಗಂಡಸರ ಸಾಲಿನಲ್ಲಿ ಅವನ ಕೈಗೂ ಮೇಣದ ಬತ್ತಿ ಕೊಟ್ಟರು. ಪಕ್ಕದಲ್ಲಿ ನಿಂತಿದ್ದ ಗಾಡಿಯ ಭೂತಪ್ಪ, ನಿಜವಾಗಿ ಹೆಂಡತಿಯನ್ನು ಮಣ್ಣು ಮಾಡಿದವನು, ಗೊಳೋ ಎಂದು ಅಳುತ್ತ ಇವನ ಹೆಗಲಿಗೆ ಕೈಹಾಕಿ, ಬಿಡು ಮಾರಾಯ, ನಮ್ಮಿಬ್ಬರ ಹಣೇಲಿ ಒಂದೇ ಬರಹ ಅಂದ. ಮೇಣ ಕೈಮೇಲೆ ಇಳಿಯಿತು. ಇವನು ಕೈ ಕೊಡವಲಿಲ್ಲ, ಸುಡಲಿ ಅಂತ ಬಿಟ್ಟ. ಅದೇ ವಾರ ಮೈಸೂರಿನಿಂದ ಕಾಗದ ಬಂತು, ಗುಣವಾಗಿದೆ, ಕರೆದುಕೊಂಡು ಹೋಗಿ ಎಂದು.

'ಏನ್ರೀ ಅದು, ಕೈಮೇಲೆ ಸುಟ್ಟಿರೋದು?' ವಿಮಲಾ ಅವನ ಅಂಗೈ ಹೊರಳಿಸಿ ಕೇಳಿದಳು. ಬಸ್ಸು ಮಲವಗೊಪ್ಪದ ಗುಡಿಯ ಎದುರು ನಿಂತಿತ್ತು. ಈಗ ಹೇಳಬಹುದಾಗಿತ್ತು. ಲಾಂದ್ರ ತಾಗಿತು ಅಂದ. ಬಸ್ಸು ಹೊರಟಿತು. ಒಂದು ಮಾತು ಮಾತ್ರ, ಅಲ್ಲಿ ಕಾಯಿಲೆ ವಿಷಯ ಎತ್ತಬೇಡ ಅಂದ. ಅವಳ ಮುಖ ಸಣ್ಣದಾಯಿತು. ಉದುರಿ ಮತ್ತೆ ಬಂದಿದ್ದ ಗಿಡ್ಡ ಕೂದಲನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಎತ್ತಲ್ಲ ಬಿಡಿ, ನನಗೂ ಗೊತ್ತು ಅಂದಳು.

ಶಿಶುಭವನದ ಗೇಟಿನ ಹತ್ತಿರ ಅವನಿಗೆ ಇನ್ನೊಂದು ಉಪಾಯ ಹೊಳೆಯಿತು. ನೀನು ಇಲ್ಲೇ ಹೊಂಗೆಮರದ ಕೆಳಗೆ ಕೂತಿರು, ಸುಸ್ತಾಗಿದೀಯ, ನಾನು ಹೋಗಿ ಕರ್ಕೊಂಡ್ ಬರ್ತೀನಿ ಅಂದ. ಎರಡೂವರೆ ವರ್ಷ ಕೂತಿದ್ದು ಸಾಲದಾ ಅಂದು ಅವಳು ಅವನಿಗಿಂತ ಮುಂದಾಗಿ ನಡೆದಳು. ಒಳಗೆ ಫಿನಾಯಿಲಿನ ವಾಸನೆ, ಹಾಲು ಕಾಯಿಸುವ ವಾಸನೆ. ವರಾಂಡದಲ್ಲಿ ಪುಟ್ಟ ಪುಟ್ಟ ಚಡ್ಡಿಗಳು ಒಣಗುತ್ತಿದ್ದವು. ಸಿಸ್ಟರ್ ಎಮಿಲಿಯಾ ಮಂಗಳೂರಿನ ಕಡೆಯವರು, ವಯಸ್ಸಾದವರು, ಬಲಗಾಲು ಎಳೆದು ನಡೆಯುವವರು. ಮಗುವನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಅವನು ಬರೆದಿದ್ದ ಕಾರ್ಡು ಅವರ ಮೇಜಿನ ಮೇಲೇ ಇತ್ತು. ವಿಮಲಾಳನ್ನು ನೋಡಿ ಕನ್ನಡಕ ಸರಿಮಾಡಿಕೊಂಡು, ಇವರು ಯಾರು ಅಂದರು. ಹೇಳುವುದಾದರೆ ಇದೇ ಕಡೆಯ ಜಾಗ. ಹೇಳಿದ.

'ಇವಳು ನನ್ನ ಹೆಂಡತಿ, ಸಿಸ್ಟರ್.'

ನಿಜ ಹೇಳಿದ್ದ. ಆದರೆ ಸಿಸ್ಟರ್ ಮುಖದ ಮೇಲೆ ಹರಡಿದ್ದು ಸಂತೋಷ. ಅವರು ಎದ್ದು ಬಂದು ವಿಮಲಾಳ ಎರಡೂ ಕೈ ಹಿಡಿದುಕೊಂಡರು. ಒಳ್ಳೆಯದಾಯಿತು, ತುಂಬ ಒಳ್ಳೆಯದಾಯಿತು ಅಂದರು. ಬೇರೆ ಗಂಡಸರು ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆ ಆಗುತ್ತಾರೆ, ಆಮೇಲೆ ಮಗುವಿನ ಕಡೆ ತಿರುಗಿಯೂ ನೋಡುವುದಿಲ್ಲ, ನಿಮ್ಮ ಯಜಮಾನರು ಹಾಗಲ್ಲ, ಪ್ರತಿ ತಿಂಗಳು ಬಂದಿದ್ದಾರೆ, ಹೆಂಡತಿಗಾಗಿ ಬತ್ತಿ ಹಚ್ಚಿದ್ದಾರೆ ಅಂತ ಹೇಳಿದರು. ಶಿವಶಂಕರಪ್ಪ ಬಾಯಿ ತೆರೆದ, ಸಿಸ್ಟರ್ ಅಂದ. ಅವರು ಕೈಯೆತ್ತಿ ಸುಮ್ಮನಿರಿಸಿದರು. ಇದು ಹೆಂಗಸರ ಮಾತು ಎಂಬಂತೆ ವಿಮಲಾಳ ಕಡೆಗೇ ತಿರುಗಿದರು.

'ನೋಡಮ್ಮ, ನಿನಗೂ ಮುಂದೆ ಮಕ್ಕಳಾಗ್ತದೆ. ಆಗಲೂ ಇವಳು ತಾಯಿ ಸತ್ತ ಮಗು ಅಂತ ಮರೀಬೇಡ. ಹೊಡೀಬೇಡ. ಸಂಜೆ ತಾಯಿಗೆ ಪ್ರಾರ್ಥನೆ ಮಾಡದೆ ಇವಳು ಅನ್ನ ಮುಟ್ಟೋದಿಲ್ಲ. ಅದನ್ನು ತಡೀಬೇಡ. ನಿಮ್ಮ ದೇವರ ಹೆಸರಲ್ಲೇ ಮಾಡಲಿ, ಆದರೆ ಮಾಡಲಿ. ನನಗೆ ಮಾತು ಕೊಡ್ತೀಯಾ?'

ವಿಮಲಾ ಗಂಡನ ಕಡೆ ನೋಡಲಿಲ್ಲ. ನೋಡಿದ್ದರೆ ಅವನು ಅಲ್ಲೇ ಕಾಲಿಗೆ ಬೀಳುತ್ತಿದ್ದ. ಅವಳು ಮೇಜಿನ ಮೇಲಿದ್ದ ಇವನ ಕಾರ್ಡನ್ನು ನೋಡಿದಳು, ಗೋಡೆಯ ಶಿಲುಬೆಯನ್ನು ನೋಡಿದಳು, ತನ್ನ ಕೈ ಹಿಡಿದಿದ್ದ ಆ ಮುದಿ ಕೈಗಳನ್ನು ನೋಡಿದಳು. ಆಮೇಲೆ, ಮಗುವಿನ ತಾಯಿ ತೀರಿಕೊಂಡಿದ್ದು ಯಾವತ್ತು ಅಂತ ಬರೆಸಿದಾರೆ ಎಂದು ಕೇಳಿದಳು. ಸಿಸ್ಟರ್ ಪುಸ್ತಕ ತೆಗೆದು ತಾರೀಖು ಓದಿದರು. ಅವಳು ಹೌದು ಎಂಬಂತೆ ತಲೆಯಾಡಿಸಿದಳು. ಮಾತು ಕೊಡ್ತೀನಿ ಸಿಸ್ಟರ್, ಚೆನ್ನಾಗಿ ನೋಡ್ಕೊಳ್ತೀನಿ ಅಂದಳು. ನಿನ್ನ ಹೆಸರೇನಮ್ಮ ಅಂತ ಅವರು ಕೇಳಿದರು. ಫಾರಮ್ಮಿನಲ್ಲಿ ಸತ್ತವಳ ಹೆಸರು ವಿಮಲಾ ಅಂತ ಇತ್ತು.

'ವಸಂತಮ್ಮ,' ಅಂದಳು ವಿಮಲಾ.

ಶಿವಶಂಕರಪ್ಪ ಗೋಡೆಗೆ ಒರಗಿದ. ಈಗಲೂ ಹೇಳಬಹುದಾಗಿತ್ತು, ಅಲ್ಲ ಸಿಸ್ಟರ್, ಇವಳೇ ವಿಮಲಾ, ಇವಳೇ ಹೆತ್ತವಳು ಅಂತ. ಏನಾಗುತ್ತಿತ್ತು? ಬೈಯುತ್ತಿದ್ದರು. ಆ ಅಳುತ್ತ ಹೋದ ಹೆಂಗಸಿನ ಜಾಗ ಕಸಿದುಕೊಂಡೆ ನೀನು ಅನ್ನುತ್ತಿದ್ದರು. ಕೆಮ್ಮಿ ಸತ್ತ ಮಗುವಿನ ಅಪ್ಪನಿಗೆ ಹೇಳಿ ಕಳಿಸುತ್ತಿದ್ದರು. ಅದಕ್ಕೆ ಹೆದರಿ ಅವನು ಬಾಯಿ ಮುಚ್ಚಿಕೊಂಡ, ಮತ್ತು ತಾನು ಹೆದರಿದ್ದು ಅದಕ್ಕೇ ಎಂಬುದು ಅವನಿಗೇ ಸ್ಪಷ್ಟವಾಗಿ ಗೊತ್ತಿತ್ತು. ಆಗ ಒಳಬಾಗಿಲಿನಿಂದ ಮಂಗಳಿ ಬಂದಳು, ಎರಡು ಜಡೆ, ಬಿಳಿ ಫ್ರಾಕು, ಕೈಯಲ್ಲೊಂದು ಅರ್ಧ ತಿಂದ ಬನ್ನು. ಸಿಸ್ಟರ್ ಅವಳನ್ನು ಮುಂದಕ್ಕೆ ತಳ್ಳಿ, ಇವರು ನಿನ್ನ ಚಿಕ್ಕಮ್ಮ, ಇನ್ನುಮೇಲೆ ನಿನ್ನನ್ನ ನೋಡ್ಕೊಳ್ಳೋದು ಇವರೇ, ನಮಸ್ಕಾರ ಮಾಡು ಅಂದರು. ಮಗು ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೈ ಜೋಡಿಸಿತು. ವಿಮಲಾ ಮಂಡಿಯೂರಿ ಕೂತಳು. ತಬ್ಬಿಕೊಳ್ಳಲಿಲ್ಲ. ಮೊದಲ ದಿನ ಬಂದ ಚಿಕ್ಕಮ್ಮ ಹಾಗೆಲ್ಲ ತಬ್ಬಿಕೊಳ್ಳುವುದು ಸರಿಯಲ್ಲ ಎಂಬಂತೆ, ಕಾಗದ ಬಿಚ್ಚಿ ಲಂಗವನ್ನು ಮಗುವಿನ ಸೊಂಟಕ್ಕೆ ಹಿಡಿದು ನೋಡಿದಳು. ಉದ್ದಕ್ಕೆ ಸರಿಯಾಗಿತ್ತು.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಗುವಿಗೆ ಇಡ್ಲಿ ತಿನ್ನಿಸಿ, ಮಧ್ಯಾಹ್ನವೆಲ್ಲ ಕಟ್ಟೆಯ ಮೇಲೆ ಕೂತರು. ಎರಡು ಬಸ್ಸು ಭದ್ರಾವತಿಗೆ ಹೋದವು, ವಿಮಲಾ ಏಳಲಿಲ್ಲ. ಮಗು ಅವಳ ತೊಡೆಯ ಮೇಲೆ ನಿದ್ದೆಹೋಗಿತ್ತು. ಶಿವಶಂಕರಪ್ಪ ಕಾಗೆಯ ಕಥೆ ಹೇಳಿದ, ಮಠದ ಕಥೆ ಹೇಳಿದ, ಅಕ್ಕ ಅಂಗಳದಲ್ಲಿ ನಿಂತದ್ದನ್ನು ಹೇಳಿದ. ಎಲ್ಲ ಒಂದೇ ಉಸಿರಿಗೆ. ಹೇಳುತ್ತ ಹೇಳುತ್ತ ತನ್ನ ದನಿ ತನಗೇ ಅಸಹ್ಯವಾಗಿ ನಿಲ್ಲಿಸಿದ. ವಿಮಲಾ ಮಗುವಿನ ಕಿವಿಯ ಹಿಂದಿನ ಮಚ್ಚೆಯನ್ನು ಬೆರಳಲ್ಲಿ ಸವರುತ್ತಿದ್ದಳು, ಅದು ಅಲ್ಲೇ ಇದೆಯೋ ಎಂದು ಆಗಾಗ ನೋಡಿಕೊಳ್ಳುತ್ತಿದ್ದಳು.

'ಆವತ್ತು ನನ್ನ ಟ್ರೈನ್ ಹತ್ತಿಸಿ ನೀವು ಅಷ್ಟೊಂದು ಅತ್ರಿ,' ಅಂದಳು. 'ಆಸ್ಪತ್ರೇಲಿ ಅದನ್ನೇ ನೆನೆಸ್ಕೊಂಡು ಇರ್ತಿದ್ದೆ, ನಾನು ಬದುಕ್ಲಿ ಅಂತ ಇವರು ಅಷ್ಟು ಅತ್ರಲ್ಲ ಅಂತ.' ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಐದೂವರೆಯ ಬಸ್ಸಿಗೆ ಹತ್ತಿದರು. ಮಂಗಳಿ ಎಚ್ಚರವಾಗಿ, ಹೊಸ ಲಂಗ ಉಟ್ಟು, ಇಬ್ಬರ ನಡುವೆ ನಿಂತುಕೊಂಡೇ ಬಂದಳು. ಚಿಕ್ಕಮ್ಮ ಅಲ್ಲಿ ಎತ್ತು, ಚಿಕ್ಕಮ್ಮ ಅಲ್ಲಿ ಕೋತಿ, ಚಿಕ್ಕಮ್ಮ ನಿನ್ನ ಕೂದಲು ಯಾಕೆ ಗಿಡ್ಡ ಅಂತ ಅರ್ಧ ಗಂಟೆಯೊಳಗೆ ಸಲಿಗೆ ಬೆಳೆಸಿಬಿಟ್ಟಿದ್ದಳು. ಒಂದೊಂದು ಚಿಕ್ಕಮ್ಮನಿಗೂ ವಿಮಲಾ ಓ ಅನ್ನುತ್ತಿದ್ದಳು. ಮಲವಗೊಪ್ಪದಲ್ಲಿ ಬಸ್ಸು ನಿಂತಿತು. ಗುಡಿಯಲ್ಲಿ ಸಂಜೆಯ ಪೂಜೆ, ಗಂಟೆ ಹೊಡೆಯತೊಡಗಿತು. ಮಗುವಿಗೆ ಗಂಟೆ ಅಂದರೆ ಗಂಟೆ. ಮಾತಾಡುತ್ತಿದ್ದವಳು ಥಟ್ಟನೆ ನಿಲ್ಲಿಸಿ ಸೀಟಿನ ಮೇಲೆ ನೆಟ್ಟಗೆ ನಿಂತು ಕಣ್ಣು ಮುಚ್ಚಿ ಕೈ ಜೋಡಿಸಿದಳು. ದೇವರೇ, ನನ್ನಮ್ಮ ವಿಮಲಾ ನಿನ್ನ ಹತ್ರ ಇದಾಳೆ ಅಂತ ಶುರುಮಾಡಿದಳು. ಶಿವಶಂಕರಪ್ಪನಿಗೆ ತಡೆಯಲಾಗಲಿಲ್ಲ. ಮಗುವಿನ ಕೈ ಹಿಡಿದು ಬಿಡಿಸಿದ.

'ಪುಟ್ಟೀ, ಬೇಡ. ನಿನ್ನಮ್ಮ ಸತ್ತಿಲ್ಲ. ಇವಳೇ ನಿನ್ನಮ್ಮ. ಇವಳೇ ವಿಮಲಾ.'

ಮಂಗಳಿ ಕಣ್ಣು ತೆರೆದಳು. ವಿಮಲಾಳ ಮುಖವನ್ನು ಹತ್ತಿರದಿಂದ ನೋಡಿದಳು. ಮಗು ಯೋಚಿಸಿತು. ಆಮೇಲೆ ತಪ್ಪು ಮಗ್ಗಿ ಹೇಳಿದವರನ್ನು ತಿದ್ದುವ ಹಾಗೆ, ಬೇಜಾರಿಲ್ಲದೆ ಹೇಳಿತು.

'ಅಲ್ಲಪ್ಪ, ಇವರು ಚಿಕ್ಕಮ್ಮ. ನನ್ನಮ್ಮ ಸತ್ತೋಗಿದಾಳೆ. ನೀನೇ ಹೂಂ ಅಂದಿದ್ದೆ.'

ಗಂಟೆ ಇನ್ನೂ ಹೊಡೆಯುತ್ತಿತ್ತು. ಅದು ನಿಲ್ಲುವುದರೊಳಗೆ ಹೇಳಿ ಮುಗಿಸಬೇಕೆಂಬ ಅವಸರ ಮಗುವಿಗೆ. ಅಪ್ಪನ ಹಿಡಿತದಿಂದ ಕೈ ಎಳೆದುಕೊಂಡು, ಚಿಕ್ಕಮ್ಮ ನೀನೂ ಕೈ ಮುಗಿ, ಇಲ್ಲದಿದ್ರೆ ಅಮ್ಮನಿಗೆ ನೋವಾಗತ್ತೆ ಅಂದಿತು. ವಿಮಲಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೈ ಮುಗಿದಳು. ಮಗು ಹೇಳಿಕೊಟ್ಟಂತೆ ಒಂದೊಂದೇ ಮಾತು ಹೇಳಿದಳು. ದೇವರೇ, ವಿಮಲಾ ನಿನ್ನ ಹತ್ತಿರ ಇದಾಳೆ. ಅವಳನ್ನು ಚೆನ್ನಾಗಿ ನೋಡ್ಕೋ. ಅವಳಿಗೆ ನೋವು ಕೊಡಬೇಡ. ಹೇಳಿ ಮುಗಿದ ಮೇಲೆ ಮಗು ತೃಪ್ತಿಯಿಂದ ಅವಳ ಮಡಿಲಲ್ಲಿ ಕೂತು, ಈಗ ಊಟ ಅಂದಿತು. ಅವಳು ಹೋಟೆಲಿನಿಂದ ಕಟ್ಟಿಸಿಕೊಂಡು ಬಂದಿದ್ದ ಪೊಟ್ಟಣ ಬಿಚ್ಚಿ ಮೊದಲ ತುತ್ತು ಕೊಟ್ಟಳು. ಬಸ್ಸು ಭದ್ರಾವತಿಯ ಕಡೆ ಹೊರಟಿತು.